ದಾಳವೂ ಆಟದ ಯಜಮಾನನೂ

ಒಂದು ಮಳೆಗಾಲದಲ್ಲಿ ಜೋಯಿಡಾ ತಾಲ್ಲೂಕಿನ ಅಣಶಿಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಹೊರಗೆ ಬಿಡದ ಮಳೆ. ಜಗಲಿಯ ಮೇಲೆ ಅಜ್ಜ, ಮೊಮ್ಮಗಳು ಚೌಕಾಬಾರಕ್ಕೆ ಕುಳಿತಿದ್ದರು. ನಾಲ್ಕು ಬಿದ್ದರೆ ಮಗುವಿನ ಕಾಯಿ ಕಟ್ಟೆ ಸೇರಿ ಉಳಿಯುತ್ತಿತ್ತು, ಬಿದ್ದದ್ದು ಮೂರು. ಅಜ್ಜ ಬೆರಳ ತುದಿಯಿಂದ ಉಳಿದೊಂದು ಕವಡೆಯನ್ನು ಮಗುಚಿ “ಚೌಕ!” ಎಂದರು. ಹುಡುಗಿ ಕಂಡಳು. “ಹೀಗಾದರೆ ನಾನು ಆಡುವುದಿಲ್ಲ, ಅಜ್ಜಾ” ಎಂದು ಎದ್ದೇಬಿಟ್ಟಳು.

ಪ್ರೀತಿಯಿಂದ ಮಾಡಿದ ಮೋಸವೂ ಮೋಸವೇ?

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಜೂಜು ಗೊತ್ತಾದ ಒಂದೇ ಕಡೆ ನಡೆಯಬೇಕು. ಶುದ್ಧವಾದ ಕವಡೆ, ದಾಳಗಳನ್ನು ಅವನೇ ಒದಗಿಸಬೇಕು. ಬೇರೆಯದನ್ನು ತಂದಿಟ್ಟವರಿಗೆ 12 ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ 5 ಅವನಿಗೆ ಸಲ್ಲಬೇಕು. ಯಾರು ಗೆದ್ದರೂ ಪಾಲು ಅಷ್ಟೇ. ಆದುದರಿಂದ ದಾಳವನ್ನು ಒಬ್ಬನ ಕಡೆಗೆ ಒಲಿಸುವ ಕಾರಣ ಅವನಿಗಿಲ್ಲ.

ಪುರಾಣಗಳಲ್ಲಿಯಾದರೋ ಕಾಣದ ಕೈ ಕೇಡಿಗೇ ಬಂದದ್ದು. ಶಕುನಿಯನ್ನು ಅರಿಯದವರಿಲ್ಲ. ಕನಕದಾಸರು ನಳಚರಿತ್ರೆಯಾಗಿ ಕನ್ನಡಕ್ಕೆ ತಂದ ಕಥೆಯ ಮೂಲವಾದ ಮಹಾಭಾರತದಲ್ಲಿ ಕಲಿ ನಳನ ಮೈಹೊಕ್ಕನು; ದ್ವಾಪರನು ದಾಳದೊಳಗೆ ಸೇರಿಕೊಳ್ಳಲು ಒಪ್ಪಿದನು. ರಾಜ್ಯ ಹೋಯಿತು. ಮುಂದೆ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆಯೇ ನಳನಿಗೆ ಗೆಲುವು.

ಕೇಡಿಗಲ್ಲದೆ ಕಾಪಾಡಲೆಂದೇ ದಾಳವನ್ನು ಮರೆಯಲ್ಲಿ ತಿದ್ದಬಹುದೇ? ಇದನ್ನು ಬಿಸಿಬಿಸಿಯಾಗಿ ಎತ್ತಿದ್ದು ನಮ್ಮ ಕಾಲದ ಒಂದು ಆಟ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಒಬ್ಬನು ಕಥೆ ನಡೆಸುತ್ತಾನೆ, ಉಳಿದವರು ವೀರರಾಗುತ್ತಾರೆ, ಕತ್ತಿಯ ಏಟು ತಾಗಿತೇ ಎಂಬುದನ್ನು ದಾಳ ಹೇಳುತ್ತದೆ. ಆಟದ ಕರ್ತರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ, ಕಥೆ ನಡೆಸುವವನು ದಾಳದ ಮಾತನ್ನು ಮೀರಬಹುದೆಂದು ಬರೆದನು. ಜಾಣತನದಿಂದ ಆಡಿದವನು ಒಂದು ಕೆಟ್ಟ ಎಸೆತಕ್ಕೆ ಬಲಿಯಾಗಬಾರದೆಂಬುದು ವಾದ. ಇಲ್ಲಿ ಹಣವಿಲ್ಲ, ಕಳೆದುಕೊಳ್ಳುವ ರಾಜ್ಯವಿಲ್ಲ. ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಸಾಯುವುದಿಲ್ಲವೆಂದು ಯಜಮಾನನು ಮೊದಲೇ ತೀರ್ಮಾನಿಸಿದ್ದರೆ ವೀರನ ಧೈರ್ಯಕ್ಕೆ ಬೆಲೆಯೇನು? ಒಮ್ಮೆ ಗುಟ್ಟು ರಟ್ಟಾಯಿತೆಂದರೆ ಅವನು ನಿಜವಾಗಿ ಗೆದ್ದ ಗೆಲುವುಗಳ ಮೇಲೂ ಸಂಶಯ ಕವಿಯುತ್ತದೆ. ಕರುಣೆ ಬೇಕಾದರೆ ಅದನ್ನು ನಿಯಮವಾಗಿಸಿ, ಎಲ್ಲರ ಕಣ್ಣೆದುರು “ಇನ್ನೊಮ್ಮೆ ಹಾಕು” ಎನ್ನಲಿ. ತಪ್ಪಿರುವುದು ಕರುಣೆಯಲ್ಲಲ್ಲ, ಮರೆಯಲ್ಲಿ.

ಅಣಶಿಯ ಅಜ್ಜ ಮಾತಾಡದೆ ಕವಡೆಯನ್ನು ಮೊದಲಿನಂತೆಯೇ ಇಟ್ಟರು. ಮೂರು. ಹುಡುಗಿ ಮತ್ತೆ ಕುಳಿತಳು. ಮರುಸರದಿಯಲ್ಲಿ ಅವಳ ಕಾಯಿ ಹೋಯಿತು. ಆಟ ಮಾತ್ರ ರಾತ್ರಿ ಹತ್ತರವರೆಗೂ ನಡೆಯಿತು.