ಪದರಗಳಿಲ್ಲದ ಕ್ಯಾಲ್ವಿನ್: ಇಂಗ್ಲಿಷಿನಲ್ಲಿ ‘ಇನ್‌ಸ್ಟಿಟ್ಯೂಟ್ಸ್’ ಓದುವಾಗ

ಜಾನ್ ಕ್ಯಾಲ್ವಿನ್ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥವನ್ನು ಬಾಸೆಲ್‌ನಲ್ಲಿ ಮೊದಲು ಅಚ್ಚು ಹಾಕಿಸಿದ್ದು 1536ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ. ದಶಾಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಸಂಸ್ಕಾರಗಳು ಎಂಬ ಬೋಧನಾಕ್ರಮದಲ್ಲಿ ಸಾಗುವ ಆ ಪುಸ್ತಕಕ್ಕೆ ಇದ್ದದ್ದು ಆರೇ ಅಧ್ಯಾಯ. 1539ರಲ್ಲಿ ಅವು ಹದಿನೇಳಾದವು. 1559ರ ಕೊನೆಯ ಲ್ಯಾಟಿನ್ ಆವೃತ್ತಿಯಲ್ಲಿ ನಾಲ್ಕು ಭಾಗಗಳು, 80 ಅಧ್ಯಾಯಗಳು. ಇಂಗ್ಲಿಷ್ ಓದುಗರಿಗೆ ದೊರೆತದ್ದು ಬಹುಮಟ್ಟಿಗೆ ಈ ಕೊನೆಯ ರೂಪ. ಇಪ್ಪತ್ತಮೂರು ವರ್ಷ ತಿದ್ದಿ ಬೆಳೆಸಿದ ಕೃತಿಯನ್ನು ಒಂದೇ ದಿನದ ಬರಹವೆಂಬಂತೆ ಓದುವ ಅಭ್ಯಾಸ ಅಲ್ಲಿಂದ ಬಂತು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಯಾರು ರಕ್ಷಣೆ ಪಡೆಯುವರೆಂದು ದೇವರು ಮೊದಲೇ ನಿರ್ಧರಿಸಿದ್ದಾನೆಂಬ ಪೂರ್ವನಿರ್ಣಯದ ಸಿದ್ಧಾಂತವನ್ನೇ ನೋಡೋಣ. 1536ರಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. 1539ರಲ್ಲಿ ಅದು ದೇವರ ಪರಿಪಾಲನೆಯ ಜೊತೆಗೆ ಒಂದೇ ಅಧ್ಯಾಯದಲ್ಲಿದೆ. 1559ರಲ್ಲಿ ಕ್ಯಾಲ್ವಿನ್ ಎರಡನ್ನೂ ಬೇರ್ಪಡಿಸಿದ: ಪರಿಪಾಲನೆ ಸೃಷ್ಟಿಕರ್ತನನ್ನು ಕುರಿತ ಮೊದಲ ಭಾಗಕ್ಕೆ ಹೋಯಿತು, ಪೂರ್ವನಿರ್ಣಯ ಮೂರನೆಯ ಭಾಗದಲ್ಲಿ, ಪ್ರಾರ್ಥನೆಯ ದೀರ್ಘ ಅಧ್ಯಾಯದ ನಂತರ ಬಂತು. ಅಂದರೆ ಅದು ಸಿದ್ಧಾಂತಸೌಧದ ತಳಪಾಯವಲ್ಲ, ಕೃಪೆಯನ್ನು ಕಂಡುಂಡ ವಿಶ್ವಾಸಿ ಹಿಂತಿರುಗಿ ನೋಡಿ ಕೇಳುವ ಪ್ರಶ್ನೆ. ಈ ಸ್ಥಳಾಂತರವನ್ನು ಅರಿಯದವರು ಆ ನಾಲ್ಕು ಅಧ್ಯಾಯಗಳನ್ನಷ್ಟೇ ಕಿತ್ತು ತೆಗೆದು ಕ್ಯಾಲ್ವಿನ್ನನ ತಿರುಳೆಂದು ಮುಂದಿಡುತ್ತಾರೆ. ಮೂರನೆಯ ಭಾಗದ ಹನ್ನೊಂದನೆಯ ಅಧ್ಯಾಯವೂ ಹಾಗೆಯೇ. ನೀತಿವಂತರೆಂಬ ನಿರ್ಣಯದ ಶಾಂತ ವಿವರಣೆಯ ನಡುವೆ ಲೂಥರನ್ ದೇವತಾಶಾಸ್ತ್ರಜ್ಞ ಓಸಿಯಾಂಡರನ ಮೇಲೆ ಎಂಟು ವಿಭಾಗಗಳ ಖಂಡನೆ ಏಕಾಏಕಿ ಎರಗುತ್ತದೆ. ಅದು 1559ರ ಸೇರ್ಪಡೆ ಎಂದು ತಿಳಿದಾಗಲೇ ಸ್ವರ ಬದಲಾದ ಕಾರಣ ಹೊಳೆಯುವುದು. ಎದುರಾಳಿಯಾದರೋ 1552ರಲ್ಲೇ ತೀರಿಕೊಂಡಿದ್ದ!

ಅನುವಾದಕರೂ ತಮ್ಮ ಕಾಲದ ಮುದ್ರೆ ಒತ್ತಿದ್ದಾರೆ. 1561ರ ಥಾಮಸ್ ನಾರ್ಟನ್ ‘ಗಾರ್ಬೊಡಕ್’ ನಾಟಕದ ಸಹಕರ್ತೃ, ಆರ್ಚ್‌ಬಿಷಪ್ ಕ್ರ್ಯಾನ್ಮರನ ಅಳಿಯ. 1813ರಲ್ಲಿ ಜಾನ್ ಆಲನ್. 1845ರ ಹೆನ್ರಿ ಬೆವರಿಜ್ ಅನುವಾದ ಎಡಿನ್‌ಬರೋದ ಕ್ಯಾಲ್ವಿನ್ ಅನುವಾದ ಸಂಘದ್ದು. ಸ್ಕಾಟ್ಲೆಂಡಿನ ಸಭೆ ಎರಡಾಗಿ ಒಡೆದ 1843ರಲ್ಲೇ ಆ ಸಂಘವೂ ಹುಟ್ಟಿತ್ತು.  

ವಿದ್ವತ್‌ವಲಯದಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಜಾನ್ ಮ್ಯಾಕ್‌ನೀಲ್ ಸಂಪಾದಿಸಿದ, ಫೋರ್ಡ್ ಲೂಯಿಸ್ ಬ್ಯಾಟಲ್ಸ್ ಅನುವಾದಿಸಿದ 1960ರ ಆವೃತ್ತಿ. ಯಾವ ಮಾತು ಯಾವ ವರ್ಷದ್ದೆಂದು ತೋರಿಸುವ ಪುಟ್ಟ ಅಕ್ಷರಗಳು ಅದರಲ್ಲಿವೆ. ಇದು ದೊಡ್ಡ ಉಪಕಾರ. ಆದರೆ ಅಧ್ಯಾಯಗಳ ಒಳಗಿನ ಉಪಶೀರ್ಷಿಕೆಗಳು ಕ್ಯಾಲ್ವಿನ್ನನವಲ್ಲ. ಆಧುನಿಕ ಅನುವಾದಗಳ ಇಂಥ ಉಪಕರಣಗಳು ಓದುಗರನ್ನು ದಾರಿ ತಪ್ಪಿಸುವ ಬಗೆಯನ್ನು ಕ್ಯಾಲ್ವಿನ್ ವಿದ್ವಾಂಸ ರಿಚರ್ಡ್ ಮುಲ್ಲರ್ 2000ದಲ್ಲಿ ಕಟುವಾಗಿಯೇ ಟೀಕಿಸಿದರು. ಟೀಕೆ ನ್ಯಾಯವಾದದ್ದು: ಅಕ್ಷರಗಳನ್ನು ಕಣ್ಣು ದಾಟಿಬಿಡುತ್ತದೆ, ಶೀರ್ಷಿಕೆಗಳನ್ನು ದಾಟುವುದಿಲ್ಲ.

ಬ್ಯಾಟಲ್ಸ್ 1536ರ ಪಠ್ಯವನ್ನೂ ಇಂಗ್ಲಿಷಿಗೆ ತಂದಿದ್ದಾರೆ. 1541ರ ಫ್ರೆಂಚ್ ಆವೃತ್ತಿಯು ಎಲ್ಸಿ ಆ್ಯನ್ ಮೆಕೀ (2009) ಮತ್ತು ರಾಬರ್ಟ್ ವೈಟ್ (2014) ಅವರ ಅನುವಾದಗಳಲ್ಲಿ ಸಿಗುತ್ತದೆ. ಲ್ಯಾಟಿನ್ ಬಾರದವರೂ ಈಗ 1559ರ ಪೂರ್ವನಿರ್ಣಯದ ಅಧ್ಯಾಯಗಳನ್ನು 1541ರ ರೂಪದೊಡನೆ ಇಟ್ಟು ಓದಬಹುದು. ಅಲ್ಲಿ ಅದು ಇನ್ನೂ ಪರಿಪಾಲನೆಯ ಜೊತೆಗೇ ಇದೆ.