ಆಕ್ರಮಣಕಾರಿ ಟೇಬಲ್ ಟೆನಿಸ್‌ಗೆ ಕಾರ್ಬನ್ ಬ್ಲೇಡೇ ಬೇಕೆ?

"ಒಲಿಂಪಿಕ್ಸ್ ಚಾಂಪಿಯನ್ನರು ಬಳಸುವುದು ಕಾರ್ಬನ್ ಬ್ಲೇಡ್. ನಿಮ್ಮ ಮಕ್ಕಳಿಗೂ ಅದನ್ನೇ ಕೊಡಿಸಿ, ಹೊಡೆತದ ವೇಗ ತಾನಾಗಿಯೇ ಹೆಚ್ಚುತ್ತದೆ." ಟೇಬಲ್ ಟೆನಿಸ್ ಕಲಿಯುವ ಮಕ್ಕಳ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಮಾತು ಆಗಾಗ ಕಾಣಿಸುತ್ತದೆ. ಜೊತೆಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಬೆಲೆಯ ಬ್ಲೇಡಿನ ಫೋಟೊ. ಇದು ನಿಜವೇ?

ಅರ್ಧ ಮಾತ್ರ ನಿಜ. ಒಳ್ಳೆಯ ಕಾರ್ಬನ್ ಬ್ಲೇಡ್ ಚೆಂಡನ್ನು ವೇಗವಾಗಿ ಕಳಿಸುತ್ತದೆ. ಆದರೆ ಚೆಂಡನ್ನು ಎದುರಿನ ಟೇಬಲ್ ಮೇಲೆ ಬೀಳಿಸುವುದು ಆಡುವವರ ಕೈ. ಆ ಕೈ ಇನ್ನೂ ಪಳಗದಿದ್ದರೆ ದುಬಾರಿ ಬ್ಲೇಡು ಆಟವನ್ನು ಕೆಡಿಸುವ ಸಾಧ್ಯತೆಯೇ ಹೆಚ್ಚು.

ಬ್ಲೇಡ್ ಎಂದರೆ ಯಾವುದು?

ನಾವು ಬ್ಯಾಟ್ ಎನ್ನುವುದರಲ್ಲಿ ಎರಡು ಭಾಗಗಳಿವೆ. ಹಿಡಿಯೂ ಸೇರಿದಂತೆ ಮರದ ಭಾಗ ಬ್ಲೇಡ್. ಅದರ ಎರಡೂ ಮುಖಗಳಿಗೆ ಅಂಟಿಸುವುದು ರಬ್ಬರ್. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬ್ಯಾಟಿನಲ್ಲಿ ಇವು ಅಂಟಿಕೊಂಡೇ ಬರುತ್ತವೆ. ಗಂಭೀರವಾಗಿ ಆಡುವವರು ಎರಡನ್ನೂ ಬೇರೆ ಬೇರೆಯಾಗಿ ಕೊಂಡು ಅಂಟಿಸಿಕೊಳ್ಳುತ್ತಾರೆ. ರಬ್ಬರ್ ಸವೆದಾಗ ಬದಲಿಸಬೇಕು. ಬ್ಲೇಡ್ ಮಾತ್ರ ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಹಾಗಾಗಿ ಅದನ್ನು ಯೋಚಿಸಿ ಆರಿಸಬೇಕು.

"ಕಾರ್ಬನ್ ಬ್ಯಾಟ್" ಎಂಬ ಹೆಸರು ಕೇಳಿ ಇಡೀ ಬ್ಯಾಟು ಕಾರ್ಬನ್ನಿನದು ಎಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ಸಹಜ ಮರವೇ ಇರಬೇಕು. ಅಂಟಿನ ಪದರದೊಳಗೆ ಕಾರ್ಬನ್‌ನಂಥ ನಾರು ಸೇರಿಸಬಹುದು. ಆದರೆ ಅಂಥ ಒಂದು ಪದರ ಬ್ಲೇಡಿನ ಒಟ್ಟು ದಪ್ಪದ 7.5 ಶೇಕಡಾ ಅಥವಾ 0.35 ಮಿಲಿಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಎಂದರೆ 6 ಮಿಲಿಮೀಟರ್ ದಪ್ಪದ ಬ್ಲೇಡಿನಲ್ಲಿ 5.1 ಮಿಲಿಮೀಟರ್‌ನಷ್ಟಾದರೂ ಮರವೇ.

ನಂಬಿಕೆ 1: ಆಕ್ರಮಣ ಎಂದರೆ ವೇಗ

ಟೇಬಲ್‌ನ ಉದ್ದ 2.74 ಮೀಟರ್. ನೆಟ್‌ನ ಎತ್ತರ 15.25 ಸೆಂಟಿಮೀಟರ್. ನೆಟ್‌ಗಿಂತ ಕೆಳಗಿರುವ ಚೆಂಡನ್ನು ನೇರವಾಗಿ ಜೋರಾಗಿ ಹೊಡೆದರೆ ಅದು ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಟೇಬಲ್ ದಾಟಿ ಹೋಗುತ್ತದೆ. ಅದನ್ನು ಜೋರಾಗಿಯೂ ಹೊಡೆದು ಟೇಬಲ್ ಮೇಲೂ ಬೀಳಿಸಬೇಕಾದರೆ ಟಾಪ್‌ಸ್ಪಿನ್ ಬೇಕು. ಮುಂದಕ್ಕೆ ಉರುಳುವಂತೆ ತಿರುಗುತ್ತಾ ಸಾಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಅದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಇಂದಿನ ಆಕ್ರಮಣಕಾರಿ ಆಟದ ಬೆನ್ನೆಲುಬು ಇದೇ.

ಚೆಂಡು ಬ್ಯಾಟಿಗೆ ತಾಗಿ ಬಿಡುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ಅಷ್ಟರಲ್ಲೇ ರಬ್ಬರ್ ಅದನ್ನು ಹಿಡಿದು ತಿರುಗಿಸಬೇಕು. ಸ್ವಲ್ಪ ಬಾಗುವ ಬ್ಲೇಡಿನಲ್ಲಿ ಚೆಂಡು ಒಂದು ಕ್ಷಣ ಕೂತು ಹೋದಂತೆ ಕೈಗೆ ಅನಿಸುತ್ತದೆ. ತೀರಾ ಬಿರುಸಾದ ಬ್ಲೇಡಿನಲ್ಲಿ ತಾಗಿದ್ದೇ ತಡ ಚಿಮ್ಮಿಬಿಡುತ್ತದೆ. ಆಗ ಕಲಿಯುವವರು ಏನು ಮಾಡುತ್ತಾರೆ? ಚೆಂಡು ಹೊರಗೆ ಹೋಗದಿರಲಿ ಎಂದು ಕೈ ಬೀಸುವುದನ್ನೇ ಮೊಟಕು ಮಾಡುತ್ತಾರೆ. ವೇಗಕ್ಕೆಂದು ಕೊಂಡ ಬ್ಲೇಡು ಹೆದರಿ ಆಡುವ ಅಭ್ಯಾಸ ಕಲಿಸುತ್ತದೆ. ಒಮ್ಮೆ ರೂಢಿಯಾದ ಮೊಟಕು ಹೊಡೆತವನ್ನು ತಿದ್ದುವುದು ಬ್ಲೇಡ್ ಬದಲಿಸಿದಷ್ಟು ಸುಲಭವಲ್ಲ.

ನಂಬಿಕೆ 2: ಕಾರ್ಬನ್ ಇದ್ದರೆ ಮಾತ್ರ ವೇಗ

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಸಿಂಗಲ್ಸ್ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ರ್ಯು ಸಿಯುಂಗ್-ಮಿನ್ ಪೆನ್ನಿನಂತೆ ಹಿಡಿಯುವ ಜಪಾನಿ ಶೈಲಿಯ ಬ್ಯಾಟಿನಿಂದ ಆಡುತ್ತಿದ್ದರು. ಅದು ಹಿನೋಕಿ ಮರದ ಒಂದೇ ಪದರದ ಬ್ಲೇಡ್. ಈ ಬಗೆಯ ಬ್ಲೇಡುಗಳ ದಪ್ಪ ಸುಮಾರು 9ರಿಂದ 10 ಮಿಲಿಮೀಟರ್. ಕಾರ್ಬನ್ ಇಲ್ಲವೇ ಇಲ್ಲ. ಆದರೂ ಅವರ ಫೋರ್‌ಹ್ಯಾಂಡ್ ಹೊಡೆತ ಮಿಂಚಿನಂತಿತ್ತು.

ಗುಟ್ಟು ದಪ್ಪದಲ್ಲಿದೆ. ಹಲಗೆ ಎಷ್ಟು ಬಿರುಸು ಎಂಬುದು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಮರದ ಬ್ಲೇಡು 5.5 ಮಿಲಿಮೀಟರ್ ಬದಲು 6 ಮಿಲಿಮೀಟರ್ ಇದ್ದರೆ ಅದು ಸುಮಾರು 30 ಶೇಕಡಾ ಹೆಚ್ಚು ಬಿರುಸು. ಅರ್ಧ ಮಿಲಿಮೀಟರ್ ಎಂದು ಕಡೆಗಣಿಸುವಂತಿಲ್ಲ.

ಕಾರ್ಬನ್ ವಿಷಯದಲ್ಲಿ ಅದು ಎಲ್ಲಿದೆ ಎಂಬುದು ಮುಖ್ಯ. ಹಲಗೆ ಬಾಗುವಾಗ ಹೆಚ್ಚು ಹಿಗ್ಗುವುದು, ಕುಗ್ಗುವುದು ಹೊರಮೈ. ನಡುಭಾಗಕ್ಕೆ ಅಷ್ಟು ಒತ್ತಡವಿಲ್ಲ. ಆದ್ದರಿಂದ ನಾರಿನ ಪದರ ಹೊರಗಿನ ಮರದ ಕೆಳಗೇ ಇದ್ದರೆ ಬ್ಲೇಡು ಬಿರುಸು, ಚಿಮ್ಮುವಿಕೆ ತಕ್ಷಣ. ಒಳಗಿನ ತಿರುಳಿಗೆ ಅಂಟಿಕೊಂಡಿದ್ದರೆ ಮೆದು ಹೊಡೆತಕ್ಕೆ ಮರದ ಬ್ಲೇಡಿನಂತೆ ವರ್ತಿಸುತ್ತದೆ, ಜೋರು ಹೊಡೆತದಲ್ಲಿ ಮಾತ್ರ ಕಾರ್ಬನ್ನಿನ ಬಲ ತೋರುತ್ತದೆ.

2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದ ಝಾಂಗ್ ಜಿಕೆ ಬಳಸಿದ ವಿಸ್ಕೇರಿಯಾ ಮೊದಲ ಬಗೆಯದು. ಮಾ ಲಾಂಗ್ ಹೆಸರಿನಲ್ಲಿ ಬರುವ ಹರಿಕೇನ್ ಲಾಂಗ್ 5 ಎರಡನೆಯ ಬಗೆಯದು. ಎರಡರಲ್ಲೂ ಇರುವುದು ಕಾರ್ಬನ್ ಜೊತೆ ಆರಿಲೇಟ್ ಎಂಬ ನಾರನ್ನು ನೇಯ್ದ ಪದರ. ಆರಿಲೇಟ್ ಅದುರುವಿಕೆಯನ್ನು ತಗ್ಗಿಸಿ ಕೈಗೆ ಹಿತ ಕೊಡುತ್ತದೆ. ಕಾರ್ಬನ್ನಿನ ಇನ್ನೊಂದು ಲಾಭವನ್ನೂ ಹೇಳಬೇಕು: ಚೆಂಡು ಬ್ಲೇಡಿನ ನಡುವಿನಿಂದ ತುಸು ಪಕ್ಕಕ್ಕೆ ತಾಗಿದರೂ ಹೊಡೆತ ಅಷ್ಟಾಗಿ ಸೊರಗುವುದಿಲ್ಲ.

ನಂಬಿಕೆ 3: ಚಾಂಪಿಯನ್ ಬಳಸಿದ್ದೇ ನಮಗೂ ಒಳ್ಳೆಯದು

ಚಾಂಪಿಯನ್ನರು ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡುವವರು. ಚೆಂಡು ಬರುವ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಾರೆ, ಪ್ರತಿ ಬಾರಿಯೂ ಪೂರ್ತಿ ಕೈ ಬೀಸುತ್ತಾರೆ. ಬಿರುಸು ಬ್ಲೇಡಿನಿಂದ ಅವರಿಗೆ ಲಾಭವಾಗುವುದು ಅದಕ್ಕೇ. ವಾರಕ್ಕೆ ಎರಡು ಮೂರು ದಿನ ಆಡುವವರಿಗೆ ಅದೇ ಬ್ಲೇಡು ಪುಶ್, ಬ್ಲಾಕ್, ಸರ್ವಿಸ್ ವಾಪಸಾತಿಯಂಥ ಚಿಕ್ಕ ಹೊಡೆತಗಳಲ್ಲಿ ಪಾಯಿಂಟ್ ಕಳೆಯುತ್ತದೆ. ಆಕ್ರಮಣ ಮಾಡುವ ಅವಕಾಶ ಹುಟ್ಟುವುದೇ ಆ ಚಿಕ್ಕ ಹೊಡೆತಗಳಿಂದ.

ಹಾಗಾದರೆ ಯಾರಿಗೆ ಯಾವುದು?

ಬ್ಲೇಡುಗಳ ಮೇಲೆ ಆಲ್‌ರೌಂಡ್, ಆಫ್ ಮೈನಸ್, ಆಫ್, ಆಫ್ ಪ್ಲಸ್ ಎಂಬ ಗುರುತುಗಳಿರುತ್ತವೆ. "ಆಫ್" ಎಂದರೆ ಆಫೆನ್ಸಿವ್, ಆಕ್ರಮಣಕಾರಿ. ಈ ಅಳತೆಗೋಲು ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ ಆಫ್ ಇನ್ನೊಬ್ಬರ ಆಫ್ ಮೈನಸ್ ಆಗಿರಬಹುದು. ದಾರಿ ತೋರುವಷ್ಟು ಮಟ್ಟಿಗೆ ನಂಬಿ.

• ಹೊಸದಾಗಿ ಕಲಿಯುವವರು: 5 ಪದರದ ಪೂರ್ತಿ ಮರದ ಆಲ್‌ರೌಂಡ್ ಬ್ಲೇಡ್. ಆಕ್ರಮಣಕಾರಿಯಾಗಿ ಆಡುವ ಆಸೆ ಇದ್ದರೂ ಇದೇ ಸರಿ.

• ಟಾಪ್‌ಸ್ಪಿನ್ ಕೈಗೆ ಹತ್ತಿದವರು: 5 ಪದರದ ಮರದ ಆಫ್ ಮೈನಸ್ ಬ್ಲೇಡ್. ಲಿಂಬಾದಂಥ ಮೆದು ಹೊರಪದರ ಸ್ಪಿನ್ ಆಟಕ್ಕೆ ಹಿತ. ಬಹುಪಾಲು ಕ್ಲಬ್ ಆಟಗಾರರಿಗೆ ಇಷ್ಟು ಸಾಕು.

• ಟೇಬಲ್ ಹತ್ತಿರ ನಿಂತು ನೇರವಾಗಿ ಹೊಡೆಯುವವರು, ಬ್ಲಾಕ್ ಮಾಡುವವರು: 7 ಪದರದ ಮರದ ಬ್ಲೇಡ್. ಸ್ಟಿಗಾ ಕ್ಲಿಪ್ಪರ್ ಈ ಬಗೆಯ ಹಳೆಯ, ಹೆಸರುವಾಸಿ ಮಾದರಿ.

• ನಿಯಮಿತ ತರಬೇತಿ ಪಡೆಯುತ್ತಾ ಪಂದ್ಯಾವಳಿ ಆಡುವವರು: ಮೊದಲು ಒಳಪದರದ ಕಾರ್ಬನ್, ಅದೂ ಸಾಲದು ಎನಿಸಿದರೆ ಹೊರಪದರದ್ದು. ಕೋಟೋದಂಥ ಗಟ್ಟಿ ಮರದ ಹೊರಪದರವಿದ್ದರೆ ಚೆಂಡು ಇನ್ನೂ ಚುರುಕಾಗಿ ಹೊರಡುತ್ತದೆ.

ತೂಕ ಮತ್ತು ಹಿಡಿ

ಹೆಚ್ಚಿನ ಬ್ಲೇಡುಗಳು 80ರಿಂದ 95 ಗ್ರಾಂ ತೂಗುತ್ತವೆ. ಎರಡು ರಬ್ಬರ್ ಅಂಟಿಸಿದ ಮೇಲೆ ಒಟ್ಟು ತೂಕ 170ರಿಂದ 190 ಗ್ರಾಂ ಆಗುತ್ತದೆ. ಭಾರದ ಬ್ಯಾಟಿನ ಹೊಡೆತಕ್ಕೆ ಬಲ ಹೆಚ್ಚು, ಆದರೆ ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ತಿರುಗಿಸುವುದು ನಿಧಾನ. ಮಕ್ಕಳ ಮಣಿಕಟ್ಟು, ಭುಜಕ್ಕೆ ಅದು ಹೊರೆಯೂ ಹೌದು. ಅವರಿಗೆ 85 ಗ್ರಾಂ ಒಳಗಿನದನ್ನು ನೋಡಿ. ಮರ ಸಹಜ ವಸ್ತುವಾದ್ದರಿಂದ ಒಂದೇ ಮಾದರಿಯ ಎರಡು ಬ್ಲೇಡುಗಳ ತೂಕದಲ್ಲೂ ಕೆಲವು ಗ್ರಾಂ ವ್ಯತ್ಯಾಸ ಇರುತ್ತದೆ. ಅಂಗಡಿಯವರಿಗೆ ತೂಗಿ ಕೊಡಲು ಹೇಳಿ.

ಹಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ: ಕೆಳಗೆ ಅಗಲವಾಗುವ ಫ್ಲೇರ್ಡ್, ಉದ್ದಕ್ಕೂ ಒಂದೇ ಅಗಲದ ಸ್ಟ್ರೇಟ್. ಇದರಲ್ಲಿ ಮೇಲು ಕೀಳಿಲ್ಲ. ಕೈಗೆ ಒಗ್ಗಬೇಕು, ಅಷ್ಟೆ.

ಕೊಳ್ಳುವ ಮೊದಲು ಹೀಗೆ ಮಾಡಿ

ಜೊತೆಗಾರರ ಬ್ಯಾಟ್ ಎರವಲು ಪಡೆಯಿರಿ. ಎದುರಿನವರು ಪುಶ್ ಮಾಡಿದ 20 ಚೆಂಡುಗಳಿಗೆ ಟಾಪ್‌ಸ್ಪಿನ್ ಹೊಡೆಯಿರಿ, 20 ಬ್ಲಾಕ್ ಮಾಡಿ, 20 ಸರ್ವಿಸ್ ವಾಪಸು ಮಾಡಿ. ಎಷ್ಟು ಟೇಬಲ್ ಮೇಲೆ ಬಿದ್ದವು ಎಂದು ಎಣಿಸಿ. ಇನ್ನೊಂದು ದಿನ ನಿಮ್ಮ ಹಳೆಯ ಬ್ಯಾಟಿನಲ್ಲಿ ಅದನ್ನೇ ಮಾಡಿ ಹೋಲಿಸಿ. ಹೊಸದರಲ್ಲಿ ಒಂದೆರಡು ಹೊಡೆತ ಅದ್ಭುತ ಅನಿಸಿ, ಲೆಕ್ಕ ಕಡಿಮೆ ಬಂದರೆ ಆ ಬ್ಲೇಡಿಗೆ ನೀವು ಇನ್ನೂ ಸಿದ್ಧರಿಲ್ಲ.

ಬ್ಲೇಡ್ ಮತ್ತು ರಬ್ಬರ್ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಹಾಗೆ ಮಾಡಿದರೆ ಆಟ ಏರಿದ್ದು ಅಥವಾ ಇಳಿದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಪ್ರಸಿದ್ಧ ಮಾದರಿಗಳ ನಕಲುಗಳೂ ಮಾರಾಟವಾಗುತ್ತವೆ. ಹತ್ತು ಸಾವಿರದ ಬ್ಲೇಡು ಎರಡು ಸಾವಿರಕ್ಕೆ ಎಂದರೆ ಅನುಮಾನಿಸಿ. ಅಷ್ಟೇ ಹಣಕ್ಕೆ ಒಳ್ಳೆಯ ಕಂಪನಿಯ ಅಸಲಿ ಮರದ ಬ್ಲೇಡ್ ಕೊಳ್ಳುವುದು ಜಾಣತನ.

ಕೊಂಡ ಮೇಲೆ ಬ್ಯಾಟನ್ನು ಕವರಿನಲ್ಲಿಡಿ. ಮರ ತೇವ ಹೀರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟರೆ ಭಾರವಾಗಿ ಹೊಡೆತದ ಚುರುಕು ಕುಂದಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ.

ಕೊನೆಯ ಮಾತು

ಟೇಬಲ್ ಟೆನಿಸ್‌ನಲ್ಲಿ ಪಾಯಿಂಟ್ ಸಿಗುವುದು ಟೇಬಲ್ ಮೇಲೆ ಬಿದ್ದ ಚೆಂಡಿಗೆ, ಹೊರಗೆ ಹಾರಿದ ವೇಗದ ಚೆಂಡಿಗಲ್ಲ. ಭಯವಿಲ್ಲದೆ ಪೂರ್ತಿ ಕೈ ಬೀಸಲು ಬಿಡುವ ಬ್ಲೇಡೇ ಆಕ್ರಮಣಕಾರಿ ಬ್ಲೇಡ್. ಉಳಿದ ಹಣವನ್ನು ಕೋಚಿಂಗ್‌ಗೋ ಒಂದು ಡಬ್ಬಿ ಅಭ್ಯಾಸದ ಚೆಂಡುಗಳಿಗೋ ಬಳಸಿ. ಮುಂದಿನ ಬಾರಿ ಕಾರ್ಬನ್ ಬ್ಲೇಡಿನ ಫಾರ್ವರ್ಡ್ ಬಂದಾಗ, ಅದನ್ನು ಹಂಚುವ ಮೊದಲು ಆ 20 ಚೆಂಡುಗಳ ಲೆಕ್ಕ ಮಾಡಿ ನೋಡಿ.