ನಾದವಿಲ್ಲದ ವಾದ್ಯ: ಮಿಡಿ ನಿಯಂತ್ರಕ ಮತ್ತು ನಮ್ಮ ಶ್ರುತಿ-ಲಯಗಳ ಪ್ರಶ್ನೆ

ವಾದ್ಯವೆಂದರೆ ನಾದವನ್ನು ಹೊರಡಿಸುವ ಸಾಧನವೆಂಬುದು ಎಲ್ಲರೂ ಒಪ್ಪಿದ ತಿಳಿವಳಿಕೆ. ತತ, ಸುಷಿರ, ಅವನದ್ಧ, ಘನ ಎಂದು ನಾಟ್ಯಶಾಸ್ತ್ರವು ಮಾಡಿರುವ ವಿಂಗಡಣೆಯೂ ನಾದ ಹುಟ್ಟುವ ಬಗೆಯನ್ನೇ ಆಧರಿಸಿದೆ. ಕಳೆದ ನಾಲ್ಕು ದಶಕಗಳಿಂದ ವೇದಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಮಿಡಿ ನಿಯಂತ್ರಕವು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದು. ಏಕೆಂದರೆ ಅದಕ್ಕೆ ಸ್ವಂತ ನಾದವಿಲ್ಲ. ಕೈಬೆರಳು ಅಥವಾ ಕೋಲು ತಾಗಿದಾಗ ಅದು ಹೊರಡಿಸುವುದು ಒಂದು ಆದೇಶವನ್ನು ಮಾತ್ರ. ಆ ಆದೇಶವನ್ನು ಪಡೆದ ಇನ್ನೊಂದು ಯಂತ್ರವು ನಾದವನ್ನು ಹುಟ್ಟಿಸುತ್ತದೆ. ಕನ್ನಡದಲ್ಲಿ ‘ಮಿಡಿ’ ಎಂಬ ಧಾತುವಿಗೆ ತಂತಿಯನ್ನು ಮೀಟು, ಸ್ಪಂದಿಸು ಎಂಬ ಅರ್ಥಗಳಿವೆ. ಈ ಯಂತ್ರದ ಹೆಸರಿಗೂ ನಮ್ಮ ಧಾತುವಿಗೂ ಸಂಬಂಧವಿಲ್ಲ. ಅದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬುದರ ಸಂಕ್ಷೇಪ. ಈ ವ್ಯವಸ್ಥೆಯ ಇತಿಹಾಸವನ್ನೂ, ಅದನ್ನು ಪ್ರದರ್ಶನಕ್ಕೆ ಅಣಿಗೊಳಿಸುವ ಕ್ರಮವನ್ನೂ ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1970ರ ದಶಕದಲ್ಲಿ ಒಂದು ಕಂಪನಿಯ ಸಿಂಥಸೈಜರ್ ಇನ್ನೊಂದರ ಸಿಂಥಸೈಜರಿನೊಡನೆ ಸಲೀಸಾಗಿ ಸಂವಹಿಸಲಾರದಂತಹ ಸ್ಥಿತಿಯಿತ್ತು. ಜಪಾನಿನ ರೋಲೆಂಡ್ ಸಂಸ್ಥೆಯ ಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಈ ತೊಡಕಿನ ಪರಿಹಾರಕ್ಕೆ ಮುಂದಾದರು. ಸ್ಮಿತ್ 1981ರಲ್ಲಿ ಸಾರ್ವತ್ರಿಕ ಸಂಪರ್ಕ ವ್ಯವಸ್ಥೆಯೊಂದರ ಪ್ರಸ್ತಾವವನ್ನು ಮಂಡಿಸಿದರು. 1983ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದ ವಾದ್ಯ ಪ್ರದರ್ಶನದಲ್ಲಿ ಈ ಎರಡು ಸಂಸ್ಥೆಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದು ನುಡಿಯುವುದನ್ನು ತೋರಿಸಲಾಯಿತು. ಅದೇ ವರ್ಷ ಮೊದಲ ನಿಯಮಾವಳಿ ಪ್ರಕಟವಾಯಿತು. ಅದರ ಬಳಕೆಗೆ ರಾಯಧನವನ್ನು ಕೇಳಲಿಲ್ಲವೆಂಬುದು ಗಮನಾರ್ಹ. ತ್ರಿಪದಿಯ ಮಟ್ಟನ್ನು ಬಳಸಲು ಹಾಡುಗಾರ್ತಿಯು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲದಂತೆ, ಈ ಸಂಕೇತವ್ಯವಸ್ಥೆಯೂ ಎಲ್ಲರ ಸೊತ್ತಾಯಿತು. ಅದು ಜಗತ್ತಿನಾದ್ಯಂತ ಹಬ್ಬಲು ಇದೂ ಒಂದು ಮುಖ್ಯ ಕಾರಣ.

ಈ ವ್ಯವಸ್ಥೆಯು ಪೂರ್ಣವಾಗಿ ಸಂಖ್ಯೆಗಳಿಂದ ಕೂಡಿದುದು. ಪ್ರತಿ ಮನೆಗೆ 0ರಿಂದ 127ರವರೆಗಿನ ಒಂದು ಸಂಖ್ಯೆಯಿದ್ದು, ಹೊಡೆತದ ಬಲವನ್ನೂ 127ರವರೆಗಿನ ಸಂಖ್ಯೆಯಿಂದಲೇ ಅಳೆಯಲಾಗುತ್ತದೆ. ಆದೇಶಗಳು ಸಾಗಲು 16 ಚಾನೆಲ್‌ಗಳಿವೆ. ಕೀಲಿಮಣೆಯ ನಡುವಿನ ‘ಬಿಳಿ ಒಂದು’ 60ನೆಯ ಸಂಖ್ಯೆಯಾದರೆ, ‘ಕಪ್ಪು ಒಂದು’ 61, ‘ಕಪ್ಪು ನಾಲ್ಕು’ 68. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ನಾಟಕದವರೂ ಗಾಯಕರೂ ಶ್ರುತಿಯನ್ನು ‘ಬಿಳಿ’, ‘ಕಪ್ಪು’ ಎಂದು ಕೀಲಿಗಳ ಎಣಿಕೆಯಿಂದ ಹೇಳುವ ರೂಢಿಯು ಮಿಡಿಗಿಂತ ಬಹಳ ಹಿಂದಿನದು. ಅಂದರೆ, ಶ್ರುತಿಯನ್ನು ಸಂಖ್ಯೆಯಿಂದ ಗುರುತಿಸುವ ಅಭ್ಯಾಸವನ್ನು ನಮಗೆ ಕಲಿಸಿದ್ದು ಕಂಪ್ಯೂಟರಲ್ಲ, ಹಾರ್ಮೋನಿಯಂ.

1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೇನ್ ಹಕ್ಕುಸ್ವಾಮ್ಯ ಪಡೆದ ಹಾರ್ಮೋನಿಯಂ ಭಾರತದಲ್ಲಿ ಕೈಪೆಟ್ಟಿಗೆಯ ರೂಪ ತಾಳಿ, ಕಂಪನಿ ನಾಟಕಗಳ ಮೂಲಕ ಹಳ್ಳಿಹಳ್ಳಿಗೂ ತಲುಪಿತು. ಗಮಕಕ್ಕೆ ಎಡೆಯಿಲ್ಲ, ಸ್ವರಸ್ಥಾನಗಳು ನಮ್ಮವಲ್ಲ ಎಂಬ ಆಕ್ಷೇಪಗಳಿಂದಾಗಿ 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು; 1971ರಲ್ಲಿ ಈ ನಿರ್ಬಂಧವು ಸಡಿಲವಾಯಿತು. ಆ ಮೂರು ದಶಕಗಳಲ್ಲಿ ರಂಗಭೂಮಿಯು ಹಾರ್ಮೋನಿಯಮ್ಮನ್ನು ಬಿಡಲಿಲ್ಲ. ಇಂದು ಮಿಡಿ ಕೀಬೋರ್ಡ್ ಎದುರಿಸುತ್ತಿರುವುದೂ ಅದೇ ಹಳೆಯ ಪ್ರಶ್ನೆಯನ್ನೇ.

ತುಮಕೂರು ಸೀಮೆಯ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮನ್ನು ದಾಖಲಿಸುತ್ತಿದ್ದಾಗ ಕೇಳಿದ ಮಾತೊಂದು ಇಲ್ಲಿ ಪ್ರಸ್ತುತವೆನಿಸುತ್ತದೆ. ವಯಸ್ಸಾದ ಹಾರ್ಮೋನಿಯಂ ಮೇಷ್ಟ್ರು, ಕೀಬೋರ್ಡ್ ನುಡಿಸುವ ಹುಡುಗನನ್ನು “ಶ್ರುತಿ ಎಲ್ಲಿಗಿಟ್ಟಿದ್ದೀಯಪ್ಪಾ?” ಎಂದು ಕೇಳಿದರು. “ಕಪ್ಪು ಒಂದಕ್ಕೆ ಏರಿಸಿದ್ದೀನಿ ಮೇಷ್ಟ್ರೇ, ಗುಂಡಿ ಒತ್ತಿದ್ರೆ ಆಯ್ತು” ಎಂದ ಅವನು. “ಎಲ್ಲಾನೂ ಏರಿಸೋಕೆ ಗುಂಡಿ ಐತೆ, ಸರಿ. ಗಾಂಧಾರ ಒಂದನ್ನೇ ಚೂರು ಇಳಿಸೋಕೆ ಗುಂಡಿ ಐತಾ? ನಾನು ರೀಡು ಕೆರೆಸಿ ಸರಿ ಮಾಡಿಸ್ಕಂಡಿದ್ದೀನಿ.” ಹುಡುಗನಲ್ಲಿ ಉತ್ತರವಿರಲಿಲ್ಲ.

ಉತ್ತರ ಇದೆ, ಆದರೆ ಅದು ಗುಂಡಿಯಲ್ಲಿಲ್ಲ, ವಾದ್ಯವನ್ನು ಅಣಿಗೊಳಿಸುವ ಕ್ರಮದಲ್ಲಿದೆ. ಅರ್ಧಸ್ವರದ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುತ್ತಾರೆ. ಸಮವಿಭಾಗದ ಕೀಲಿಮಣೆಯಲ್ಲಿ ಷಡ್ಜದಿಂದ ಅಂತರಗಾಂಧಾರಕ್ಕೆ 400 ಸೆಂಟ್. ತಂಬೂರಿಯ ನಾದದೊಳಗೆ ತಾನಾಗಿ ಕೇಳಿಬರುವ ಗಾಂಧಾರವಾದರೋ ಸುಮಾರು 386ರಲ್ಲಿದೆ. ಈ 14 ಸೆಂಟ್‌ಗಳ ಅಂತರವೇ ಮೇಷ್ಟ್ರ ಕಿವಿಯನ್ನು ಚುಚ್ಚುತ್ತಿದ್ದುದು. ಸ್ವರವನ್ನು ಜಾರಿಸುವ ‘ಪಿಚ್ ಬೆಂಡ್’ ಆದೇಶದಲ್ಲಿ ಒಟ್ಟು 16,384 ಮೆಟ್ಟಿಲುಗಳಿದ್ದು, ನಡುವಿನ 8,192 ಸ್ಥಿರಸ್ಥಾನವಾಗಿದೆ. ಜಾರಿಕೆಯ ವ್ಯಾಪ್ತಿಯು ರೂಢಿಯಂತೆ ಮೇಲೆ-ಕೆಳಗೆ ಎರಡೆರಡು ಅರ್ಧಸ್ವರಗಳಾಗಿದ್ದರೆ, ಗಾಂಧಾರವನ್ನು ಸುಮಾರು 570 ಮೆಟ್ಟಿಲು ಇಳಿಸಿದಾಗ ಅದು ಸ್ಥಾನಕ್ಕೆ ಬರುತ್ತದೆ. ಆದರೆ ಈ ಆದೇಶವು ಇಡೀ ಚಾನೆಲ್ಲಿಗೆ ಅನ್ವಯಿಸುವುದರಿಂದ, ಅದೇ ಚಾನೆಲ್ಲಿನಲ್ಲಿ ಷಡ್ಜ-ಪಂಚಮಗಳ ಶ್ರುತಿಯೂ ನುಡಿಯುತ್ತಿದ್ದರೆ ಅದೂ ಜಾರುತ್ತದೆ. ಆದ್ದರಿಂದ ಶ್ರುತಿಗೆ ಒಂದು ಚಾನೆಲ್, ಸ್ವರಸಂಚಾರಕ್ಕೆ ಇನ್ನೊಂದು ಎಂದು ಮೊದಲೇ ಬೇರ್ಪಡಿಸಿ ಇಟ್ಟುಕೊಳ್ಳುವುದು ಅವಶ್ಯಕ. ಸ್ವರಸ್ಥಾನಗಳನ್ನೇ ಬದಲಿಸುವ ಕ್ರಮವು 1992ರಲ್ಲಿಯೂ, ಪ್ರತಿ ಸ್ವರಕ್ಕೆ ಪ್ರತ್ಯೇಕ ಚಾನೆಲ್ ಕೊಡುವ ಕ್ರಮವು 2018ರಲ್ಲಿಯೂ ನಿಯಮಾವಳಿಗೆ ಸೇರಿದವು. 2020ರಲ್ಲಿ ಅಂಗೀಕೃತವಾದ ಎರಡನೆಯ ಆವೃತ್ತಿಯು ಪ್ರತಿ ಸ್ವರವನ್ನೂ ಬೇರೆಬೇರೆಯಾಗಿ ಜಾರಿಸಲು ಅವಕಾಶ ಕೊಟ್ಟಿದೆ. ಹೀಗೆ ರೀಡು ಕೆರೆಯುವವನ ಜ್ಞಾನಕ್ಕೆ ಈ ಯಂತ್ರದಲ್ಲಿಯೂ ಸ್ಥಳವಿದೆ. ಆದರೆ ಅದನ್ನು ಕೇಳಿ ಪಡೆಯಬೇಕು.

ಲಯವಾದ್ಯಗಳ ವಿಷಯದಲ್ಲಿ ಸಮಸ್ಯೆಯು ಇನ್ನೂ ಗಂಭೀರವಾಗಿದೆ. ರೋಲೆಂಡ್ ಸಂಸ್ಥೆ 1985ರಲ್ಲಿ ತಂದ ಮೊದಲ ಆಕ್ಟೊಪ್ಯಾಡ್ ಎಂಟು ಫಲಕಗಳ ಶುದ್ಧ ನಿಯಂತ್ರಕವಾಗಿತ್ತು. ಅದಕ್ಕೂ ಸ್ವಂತ ನಾದವಿರಲಿಲ್ಲ. ಅದರ ವಂಶದ ವಾದ್ಯಗಳು ನಮ್ಮ ವಾದ್ಯಗೋಷ್ಠಿಗಳಲ್ಲಿ ಮನೆಮಾತಾಗಿವೆ. ಫಲಕವನ್ನು ಅಣಿಗೊಳಿಸುವುದೆಂದರೆ ಪ್ರತಿ ಫಲಕಕ್ಕೂ ಒಂದು ಸ್ವರಸಂಖ್ಯೆಯನ್ನು ಕೊಡುವುದು, ನಾದಯಂತ್ರದಲ್ಲಿ ಅದೇ ಸಂಖ್ಯೆಗೆ ಒಂದು ಧ್ವನಿಯನ್ನು ಹೊಂದಿಸುವುದು, ಮೆಲುಹೊಡೆತ-ಬಿರುಹೊಡೆತಗಳಿಗೆ ಯಂತ್ರವು ಹೇಗೆ ಸ್ಪಂದಿಸಬೇಕೆಂದು ನಿಗದಿಪಡಿಸುವುದು. ಯಾವ ಸಂಖ್ಯೆಗೆ ಯಾವ ಧ್ವನಿ ಎಂಬುದರಲ್ಲಿ ಏಕರೂಪತೆ ತರಲು 1991ರಲ್ಲಿ ‘ಜನರಲ್ ಮಿಡಿ’ ಎಂಬ ಪಟ್ಟಿ ಬಂದಿತು. 35ರಿಂದ 81ರವರೆಗಿನ 47 ಸಂಖ್ಯೆಗಳನ್ನು ಅದು ತಾಳವಾದ್ಯಗಳಿಗೆ ಮೀಸಲಿಟ್ಟಿತು. ಬಾಂಗೊ, ಕಾಂಗಾ, ಮರಾಕಸ್‌ಗಳಿಗೆ ಅಲ್ಲಿ ಸ್ಥಾನ ದೊರೆಯಿತು. ತಬಲ ಮೃದಂಗಗಳಿಗೆ ದೊರೆಯಲಿಲ್ಲ. ತಮಟೆ, ಡೊಳ್ಳುಗಳ ಮಾತು ದೂರವೇ ಉಳಿಯಿತು. ಪಟ್ಟಿಯಲ್ಲಿ ಇಲ್ಲದ ವಾದ್ಯವನ್ನು ಯಾರಾದರೂ ಧ್ವನಿಮುದ್ರಿಸಿ, ಖಾಲಿ ಸಂಖ್ಯೆಯೊಂದಕ್ಕೆ ಕೂಡಿಸಬೇಕಾಗುತ್ತದೆ.

ಹಾಗೆ ಕೂಡಿಸುವವನ ತಿಳಿವಳಿಕೆಯೇ ಇಲ್ಲಿ ನಿರ್ಣಾಯಕ. ತಮಟೆಯವರು ಒಂದು ಕೈಯಲ್ಲಿ ದಪ್ಪ ಕೋಲನ್ನೂ ಇನ್ನೊಂದರಲ್ಲಿ ತೆಳ್ಳಗಿನ ಕಡ್ಡಿಯನ್ನೂ ಹಿಡಿದು, ಚರ್ಮವನ್ನು ಬೆಂಕಿಗೆ ಕಾಯಿಸಿಕೊಂಡು ನುಡಿಸುತ್ತಾರೆ. ಕಾಯಿಸಿದ ತಮಟೆಯ ನುಡಿ ಬೇರೆ, ಆರಿದ ತಮಟೆಯದು ಬೇರೆ. ಅಂಚಿನ ಕಡ್ಡಿಯೇಟು ಬೇರೆ, ನಡುವಿನ ಕೋಲೇಟು ಬೇರೆ. ಇವೆಲ್ಲವನ್ನೂ ಒಂದೇ ಏಟಿನ ಧ್ವನಿಮುದ್ರಣಕ್ಕೆ ಇಳಿಸಿ ಒಂದೇ ಫಲಕಕ್ಕೆ ಅಂಟಿಸಿದರೆ ಉಳಿಯುವುದು ಸದ್ದು, ತಮಟೆಯಲ್ಲ. ಏಟುಗಳನ್ನು ಬೇರೆಬೇರೆ ಸಂಖ್ಯೆಗಳಲ್ಲಿಟ್ಟು, ಪ್ರತಿಯೊಂದನ್ನೂ ಹಲವು ಬಲಗಳಲ್ಲಿ ಮುದ್ರಿಸಿ ಹೊಂದಿಸಿದರೆ ವಾದ್ಯದ ಸ್ವಭಾವವು ಸ್ವಲ್ಪಮಟ್ಟಿಗಾದರೂ ಉಳಿದೀತು. ಯಾವ ಏಟು ಮುಖ್ಯ, ಯಾವುದು ಗೌಣ ಎಂಬುದನ್ನು ಹೇಳಬಲ್ಲವರು ತಮಟೆಯವರು ಮಾತ್ರ. ಅವರನ್ನು ಕೇಳದೆ ಮಾಡಿದ ಜೋಡಣೆಯು ಅವರ ದನಿಯನ್ನು ಪಡೆದು ಅವರನ್ನು ವೇದಿಕೆಯಿಂದ ಇಳಿಸುತ್ತದೆ. ಮುದ್ರಿತವಾದ ಒಂದು ಏಟು ಸಾವಿರ ವೇದಿಕೆಗಳಲ್ಲಿ ನುಡಿದರೂ ಅದನ್ನು ನುಡಿಸಿದ ಕೈಗೆ ಸಂಭಾವನೆಯಾಗಲೀ ಹೆಸರಾಗಲೀ ಸಲ್ಲುವುದು ವಿರಳ.

ನಿಷೇಧವು ಇದಕ್ಕೆ ಪರಿಹಾರವಲ್ಲವೆಂಬುದನ್ನು ಹಾರ್ಮೋನಿಯಮ್ಮಿನ ಇತಿಹಾಸವು ಸ್ಪಷ್ಟಪಡಿಸಿದೆ. ಮಿಡಿ ನಿಯಂತ್ರಕವು ಖಾಲಿ ಪಾತ್ರೆಯಂತಹುದು. ಅದರಲ್ಲಿ ತುಂಬಿದ್ದೇ ಅದರಿಂದ ಹೊರಬರುತ್ತದೆ. ಆದ್ದರಿಂದ ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಜನಪದ ವಾದ್ಯಗಳನ್ನು ದಾಖಲಿಸುವಾಗ ಇಡಿಯಾದ ಪ್ರದರ್ಶನದ ಜೊತೆಗೆ ಏಟುಗಳನ್ನು ಬಿಡಿಬಿಡಿಯಾಗಿ ಕಲಾವಿದರ ಹೆಸರಿನೊಡನೆ, ಅವರ ಒಪ್ಪಿಗೆ ಪಡೆದು ಮುದ್ರಿಸಬೇಕು. ಸ್ವರಸ್ಥಾನಗಳನ್ನು ಹೊಂದಿಸುವಾಗ ಮೇಷ್ಟ್ರುಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಕಲಾವಿದರ ಮಕ್ಕಳಿಗೆ ಈ ಜೋಡಣೆಯ ವಿದ್ಯೆಯನ್ನು ಕಲಿಸಬೇಕು. ಆಗ ಗಾಂಧಾರವನ್ನು ಚೂರು ಇಳಿಸುವ ಬಗೆಯನ್ನು ಕೇಳಿದ ಹಿರಿಯರಿಗೆ, ಪಕ್ಕದಲ್ಲಿ ಕುಳಿತ ಹುಡುಗನೇ ಉತ್ತರ ಹೇಳಬಲ್ಲ.